ಮಾಜಿ ಸೈನಿಕರ ಶ್ರವಣದೋಷ ಪರಿಹಾರದ ಮೇಲ್ಮನವಿಗಳು (ಅಮೆರಿಕ ಸಂಯುಕ್ತ ಸಂಸ್ಥಾನ)

ಸೇನೆಯಲ್ಲಿದ್ದಾಗ ಕಿವಿಗಾದ ಹಾನಿಗೆ ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ಇಲಾಖೆ ಅದನ್ನು ನಿರಾಕರಿಸಿದಾಗ ಅಥವಾ ದೋಷದ ತೀವ್ರತೆಗೆ ಕಡಿಮೆ ಶೇಕಡಾವಾರು ಹಚ್ಚಿದಾಗ ಮಾಜಿ ಸೈನಿಕರು ಸಲ್ಲಿಸುವ ಮರುಪರಿಶೀಲನೆಯ ಅರ್ಜಿಗಳೇ ಈ ಮೇಲ್ಮನವಿಗಳು. ಕಿವುಡುತನ, ಕಿವಿಮೊರೆತ, ಒಳಕಿವಿಯ ದೋಷದಿಂದ ಬರುವ ತಲೆಸುತ್ತು, ಮೆನಿಯೆರ್ ರೋಗ ಇವು ಈ ಗುಂಪಿನ ಮುಖ್ಯ ತೊಂದರೆಗಳು. ಇಲಾಖೆ ಪರಿಹಾರ ಕೊಡುತ್ತಿರುವ ಎಲ್ಲ ದೋಷಗಳ ಪೈಕಿ ಕಿವಿಮೊರೆತದ್ದೇ ಮೊದಲ ಸ್ಥಾನ. ಅದಕ್ಕಾಗಿ ಪರಿಹಾರ ಪಡೆಯುತ್ತಿರುವವರು 20 ಲಕ್ಷಕ್ಕೂ ಹೆಚ್ಚು ಮಂದಿ. ಕಿವುಡುತನ ಸೇವೆಯಿಂದ ಬಂದದ್ದೆಂದು ಮಾನ್ಯವಾದವರು 10 ಲಕ್ಷ ದಾಟಿದ್ದಾರೆ.

ಗುಂಡೇಟು, ಮುರಿದ ಮೂಳೆ ಮುಂತಾದವು ಆದ ದಿನವೇ ಆಸ್ಪತ್ರೆಯ ದಾಖಲೆಗೆ ಸೇರುತ್ತವೆ. ಕಿವಿಯ ಹಾನಿ ಹಾಗಲ್ಲ. ಅದು ವರ್ಷಗಟ್ಟಲೆ ಗೊತ್ತೇ ಆಗದೆ ಬೆಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ಸೈನಿಕ ಸಮವಸ್ತ್ರ ಕಳಚಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷವಾಗಿರುತ್ತದೆ. ಹಾಗಾಗಿ ಈ ಮೇಲ್ಮನವಿಗಳಲ್ಲಿ ಅರ್ಜಿದಾರನಿಗೆ ಎಷ್ಟು ಕೇಳಿಸುತ್ತಿಲ್ಲ ಎಂಬುದರ ಮೇಲೆ ವಾದ ನಡೆಯುವುದು ಕಡಿಮೆ. ಕಿವಿ ಕೆಟ್ಟದ್ದು ಯಾವಾಗ, ಯಾವುದರಿಂದ, ಆ ಕಾಲದ ಕಾಗದಗಳು ಏನು ಹೇಳುತ್ತವೆ, ಅವು ಏನೂ ಹೇಳದಿದ್ದರೆ ಆ ಮೌನವನ್ನು ಹೇಗೆ ಓದಬೇಕು ಎಂಬುದೇ ಹೆಚ್ಚಿನ ಪ್ರಕರಣಗಳ ತಿರುಳು.

ಸದ್ದು, ಒಳಕಿವಿ ಮತ್ತು ಸೇನೆ

ದಿನಕ್ಕೆ ಎಂಟು ಗಂಟೆ ಕೇಳುವ ಸದ್ದು 85 ಡೆಸಿಬೆಲ್ ದಾಟಿದರೆ ಕಿವಿಗೆ ಅಪಾಯವೆಂದು ಕೆಲಸದ ಸ್ಥಳಗಳ ಆರೋಗ್ಯಶಾಸ್ತ್ರ ಹೇಳುತ್ತದೆ. ರೈಫಲ್ ಹಾರಿಸಿದಾಗ ಗುಂಡು ಹೊಡೆದವನ ಕಿವಿಯ ಬಳಿ ಸದ್ದಿನ ಗರಿಷ್ಠ ಮಟ್ಟ 150 ಡೆಸಿಬೆಲ್ ಮೀರುತ್ತದೆ. ಫಿರಂಗಿ, ಟ್ಯಾಂಕು, ಹಡಗಿನ ಎಂಜಿನ್ ಕೋಣೆ, ವಿಮಾನವಾಹಕದ ಮೇಲಟ್ಟ, ಹೆಲಿಕಾಪ್ಟರ್ ಹೀಗೆ ಸೇನೆಯಲ್ಲಿ ಸದ್ದಿನ ಮೂಲಗಳಿಗೆ ಕೊರತೆಯಿಲ್ಲ. ಈ ಸದ್ದು ಒಳಕಿವಿಯ ಶಂಖದಲ್ಲಿರುವ ಕೂದಲುಕೋಶಗಳನ್ನು ಕೊಲ್ಲುತ್ತದೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹಾನಿ ಮೊದಲು ಕಾಣುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಲ್ಲಿ. ಆಡಿಯೋಗ್ರಾಂ ನಕ್ಷೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ. ಸ, ಫ, ಥ ಮೊದಲಾದ ವ್ಯಂಜನಗಳು ಕಳೆದುಹೋಗುವುದರಿಂದ ಮಾತು ಕಿವಿಗೆ ಬಿದ್ದರೂ ಅರ್ಥವಾಗುವುದಿಲ್ಲ, ಮುಖ್ಯವಾಗಿ ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ.

ಶ್ರವಣವಿಜ್ಞಾನವು (ಆಡಿಯಾಲಜಿ) ಸ್ವತಂತ್ರ ವೃತ್ತಿಯಾಗಿ ರೂಪುಗೊಂಡದ್ದಕ್ಕೂ ಈ ಸೈನಿಕರೇ ಕಾರಣ. ಎರಡನೇ ಮಹಾಯುದ್ಧದಲ್ಲಿ ಕಿವಿ ಕಳೆದುಕೊಂಡವರಿಗಾಗಿ ಅಮೆರಿಕದ ಭೂಸೇನೆ ಪೆನ್ಸಿಲ್ವೇನಿಯಾದ ಡೆಶಾನ್, ಒಕ್ಲಹೋಮಾದ ಬೋರ್ಡನ್, ಕ್ಯಾಲಿಫೋರ್ನಿಯಾದ ಹಾಫ್ ಆಸ್ಪತ್ರೆಗಳಲ್ಲಿ ವಿಶೇಷ ಕೇಂದ್ರಗಳನ್ನು ತೆರೆಯಿತು. ಡೆಶಾನ್‌ನಲ್ಲಿ ದುಡಿದ ರೇಮಂಡ್ ಕಾರ್ಹಾರ್ಟ್‌ರನ್ನು ಮುಂದೆ ಆಡಿಯಾಲಜಿಯ ಪಿತಾಮಹ ಎಂದು ಕರೆದರು. ಈಗ ಮೇಲ್ಮನವಿಯ ಕಡತಗಳಲ್ಲಿ ಸೈನಿಕನ ಪರವಾಗಿಯೋ ವಿರುದ್ಧವಾಗಿಯೋ ಅಭಿಪ್ರಾಯ ಬರೆಯುವ ತಜ್ಞರು ಈ ಪರಂಪರೆಯವರೇ.

ಸೇವಾಸಂಬಂಧ: ಮೂರು ಅಂಶಗಳು

ಪರಿಹಾರ ಸಿಗಬೇಕಾದರೆ ಈಗ ದೋಷ ಇರಬೇಕು, ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗಬಲ್ಲ ಘಟನೆಯೋ ಗಾಯವೋ ಆಗಿರಬೇಕು, ಎರಡರ ನಡುವೆ ಕೊಂಡಿ ಇರಬೇಕು. ಇದನ್ನು ಒಟ್ಟಾಗಿ ಸೇವಾಸಂಬಂಧ ಎನ್ನಬಹುದು.

ಮೊದಲನೆಯದಕ್ಕೆ ಇಲಾಖೆಯ ನಿಯಮದಲ್ಲೇ ಅಳತೆ ಇದೆ. 500, 1000, 2000, 3000, 4000 ಹರ್ಟ್ಸ್‌ಗಳಲ್ಲಿ ಯಾವುದಾದರೂ ಒಂದರಲ್ಲಿ ಕೇಳುವ ಹೊಸ್ತಿಲು (ಸ್ವರ ಕೇಳಿಸಲು ಬೇಕಾದ ಕನಿಷ್ಠ ಸದ್ದು) 40 ಡೆಸಿಬೆಲ್ ಅಥವಾ ಹೆಚ್ಚಿರಬೇಕು. ಇಲ್ಲವೇ ಕನಿಷ್ಠ ಮೂರರಲ್ಲಿ 26 ಅಥವಾ ಹೆಚ್ಚಿರಬೇಕು. ಅದೂ ಇಲ್ಲದಿದ್ದರೆ, ಕೇಳಿದ ಪದವನ್ನು ಹಾಗೇ ಹೇಳುವ ಮೇರಿಲ್ಯಾಂಡ್ ಪದಪರೀಕ್ಷೆಯಲ್ಲಿ ಅಂಕ ಶೇ. 94ಕ್ಕಿಂತ ಕಡಿಮೆ ಬರಬೇಕು. ಈ ಗೆರೆಗಿಂತ ಒಂದು ಡೆಸಿಬೆಲ್ ಈಚೆ ಇದ್ದರೂ ಕಾನೂನಿನ ಕಣ್ಣಿಗೆ ಅದು ದೋಷವಲ್ಲ, ಮನೆಯವರು ಏನೇ ಹೇಳಲಿ.

ಎರಡನೆಯದು ಈಗ ಅಷ್ಟು ಕಷ್ಟವಲ್ಲ. ಯಾವ ಸೈನಿಕ ಹುದ್ದೆಯಲ್ಲಿ ಅಪಾಯಕಾರಿ ಸದ್ದಿನ ಸಾಧ್ಯತೆ ಎಷ್ಟು ಎಂಬ ಪಟ್ಟಿಯನ್ನು ಇಲಾಖೆ ಬಳಸುತ್ತದೆ. ಫಿರಂಗಿದಳದವನೋ ವಿಮಾನದ ಮೆಕ್ಯಾನಿಕ್ಕೋ ಆಗಿದ್ದರೆ ಸದ್ದಿಗೆ ಒಡ್ಡಿಕೊಂಡದ್ದನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಗುಮಾಸ್ತೆ, ಅಡುಗೆಯವನು ಎಂದು ದಾಖಲಾದವನೇ ಹೆಚ್ಚು ವಿವರ ಕೊಡಬೇಕಾಗುತ್ತದೆ. ಅಡುಗೆಯವನೂ ರಾತ್ರಿ ಫಿರಂಗಿಯ ಪಕ್ಕದಲ್ಲೇ ಮಲಗಿದ್ದಿರಬಹುದು. ಯುದ್ಧದಲ್ಲಿ ಹೋರಾಡಿದವರಿಗೆ ಕಾನೂನು ಇನ್ನಷ್ಟು ಉದಾರ: ಅವರ ಮಾತು ಸೇವೆಯ ಪರಿಸ್ಥಿತಿಗೆ ಹೊಂದಿದರೆ, ಅಧಿಕೃತ ದಾಖಲೆ ಇಲ್ಲದಿದ್ದರೂ ಘಟನೆ ನಡೆದದ್ದಕ್ಕೆ ಅದೇ ಪುರಾವೆಯಾಗಬಹುದು.

ಅರ್ಜಿಗಳು ಹೆಚ್ಚಾಗಿ ಬೀಳುವುದು ಮೂರನೆಯ ಅಂಶದಲ್ಲಿ, ಅಂದರೆ ಕೊಂಡಿಯಲ್ಲಿ.

ಕಾಗದದ ಮೌನ

ಎರಡನೇ ಮಹಾಯುದ್ಧ, ಕೊರಿಯಾ ಯುದ್ಧಗಳ ಕಾಲದ ಸೈನಿಕರಲ್ಲಿ ಅನೇಕರಿಗೆ ಬಿಡುಗಡೆಯ ಸಮಯದಲ್ಲಿ ಆದದ್ದು ಪಿಸುಮಾತಿನ ಪರೀಕ್ಷೆ. ಪರೀಕ್ಷಕ 15 ಅಡಿ ದೂರದಲ್ಲಿ ನಿಂತು ಪಿಸುಗುಟ್ಟಿದ ಪದಗಳನ್ನು ಸೈನಿಕ ಹೇಳಿದರೆ ಕಡತದಲ್ಲಿ ‘15/15’ ಎಂದು ಬರೆದು ಮುಗಿಸುತ್ತಿದ್ದರು. ಗುಂಡಿನ ಸದ್ದು ಮೊದಲು ಕೆಡಿಸುವ ಎತ್ತರದ ಸ್ವರಗಳ ನಷ್ಟ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಆದರೂ ‘ಬಿಡುಗಡೆಯಲ್ಲಿ ಶ್ರವಣ ಸರಿಯಾಗಿತ್ತು’ ಎಂಬ ಒಂದು ಸಾಲಿನ ಮೇಲೆ ನಿರಾಕರಣೆಗಳು ಬಂದಿವೆ. ಮನೆಗೆ ಹೊರಟವನು ‘ಕಿವಿಯ ತೊಂದರೆ ಇದೆಯೇ’ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕುವುದು ಸಹಜ. ಇದೆ ಎಂದರೆ ಬಿಡುಗಡೆಯೇ ತಡವಾಗಬಹುದೆಂಬ ಅಂಜಿಕೆ.

ಯಂತ್ರದಿಂದ ಪರೀಕ್ಷೆಯಾಗಿದ್ದರೂ ಅಂಕಿಗಳನ್ನು ಕಂಡಂತೆ ಓದುವಂತಿಲ್ಲ. 1960ರ ದಶಕದ ನಡುಭಾಗದವರೆಗೆ ಸೇನೆ ಹಳೆಯ ಅಮೆರಿಕನ್ ಮಾನಕದಲ್ಲಿ ಅಳೆಯುತ್ತಿತ್ತು. ಅದನ್ನು ಇಂದಿನ ಮಾನಕಕ್ಕೆ ತರಲು 500 ಹರ್ಟ್ಸ್‌ನ ಅಂಕಿಗೆ 15, 1000ದಿಂದ 3000ದವರೆಗಿನವಕ್ಕೆ 10, 4000ದ್ದಕ್ಕೆ 5 ಡೆಸಿಬೆಲ್ ಕೂಡಿಸಬೇಕು. 1964ರ ಕಡತದಲ್ಲಿ 500 ಹರ್ಟ್ಸ್‌ಗೆ 10 ಎಂದಿದ್ದರೆ ಅದು ಈಗಿನ 25. ಸಾಮಾನ್ಯವೆಂದು ಬದಿಗಿಟ್ಟ ಕಡತ ಈ ಕೂಡಿಕೆಯ ನಂತರ ನಷ್ಟ ತೋರಿಸಿದ ಪ್ರಕರಣಗಳು ಇಲಾಖೆಯ ಮೇಲ್ಮನವಿ ಮಂಡಳಿಯ ತೀರ್ಪುಗಳಲ್ಲಿ ಹೇರಳ.

ಕಡತವೇ ಇಲ್ಲದವರೂ ಇದ್ದಾರೆ. 1973ರ ಜುಲೈ 12ರಂದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 160 ಲಕ್ಷದಿಂದ 180 ಲಕ್ಷ ಕಡತಗಳು ಸುಟ್ಟವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ಸುಮಾರು ಶೇ. 80 ಹೋದವು. ಅಂಥ ಪ್ರಕರಣಗಳಲ್ಲಿ ತನ್ನ ನಿರ್ಧಾರದ ಕಾರಣಗಳನ್ನು ಹೆಚ್ಚು ಎಚ್ಚರದಿಂದ ವಿವರಿಸುವ ಹೊಣೆ ಮಂಡಳಿಗಿದೆ ಎಂದು ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಹೇಳಿತು. ದಾಖಲೆ ಇಲ್ಲವೆಂಬುದೊಂದನ್ನೇ ಹಿಡಿದು ಸೈನಿಕನ ಅಥವಾ ಅವನ ಹೆಂಡತಿಯ, ಜೊತೆಗಾರರ ಹೇಳಿಕೆಯನ್ನು ತಳ್ಳುವಂತಿಲ್ಲ ಎಂಬುದು 2006ರ ಬ್ಯೂಕ್ಯಾನನ್ ಪ್ರಕರಣದ ತೀರ್ಪು.

ಈ ವಿಷಯದಲ್ಲಿ ಅಡಿಪಾಯವೆನ್ನಬೇಕಾದದ್ದು 1993ರ ಹೆನ್ಸ್ಲಿ ತೀರ್ಪು. ಸಾಮಾನ್ಯ ಶ್ರವಣವೆಂದರೆ 0ದಿಂದ 20 ಡೆಸಿಬೆಲ್‌ವರೆಗೆ ಮಾತ್ರ, ಅದಕ್ಕಿಂತ ಹೆಚ್ಚಾದರೆ ಸ್ವಲ್ಪವಾದರೂ ನಷ್ಟವಿದೆ ಎಂದು ಅದು ಒಪ್ಪಿತು. ಬಿಡುಗಡೆಯ ದಿನ ನಿಯಮದ ಅಳತೆಗೆ ಮುಟ್ಟದಿದ್ದರೂ, ಇಂದಿನ ನಷ್ಟ ಸೇವೆಯಿಂದಲೇ ಬಂದದ್ದೆಂದು ತೋರಿಸಲು ದಾರಿ ಮುಚ್ಚಿಲ್ಲ ಎಂದಿತು. ಆದ್ದರಿಂದ ‘ಬಿಡುಗಡೆಯಲ್ಲಿ ಸರಿಯಿತ್ತು, ಹಾಗಾಗಿ ಸಂಬಂಧವಿಲ್ಲ’ ಎಂದಷ್ಟೇ ಬರೆದ ತಜ್ಞಾಭಿಪ್ರಾಯ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಸೇರುವಾಗ 5 ಇದ್ದದ್ದು ಬಿಡುವಾಗ 20 ಆಗಿದ್ದರೆ ಆ ಏರಿಕೆಯನ್ನು ತಜ್ಞರು ವಿವರಿಸಲೇಬೇಕು.

ಇಲಾಖೆಯ ತಜ್ಞರ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2005ರಲ್ಲಿ ಸೈನಿಕ ಸೇವೆಯ ಸದ್ದಿನ ಬಗ್ಗೆ ವರದಿ ಹೊರಡಿಸಿತು. ಸದ್ದು ನಿಂತು ಬಹುಕಾಲದ ಮೇಲೆ ಶಾಶ್ವತ ನಷ್ಟ ತಲೆದೋರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ, ಶರೀರರಚನೆಯ ತಿಳುವಳಿಕೆಯಂತೆ ಅದು ಸಂಭವನೀಯವಲ್ಲ ಎಂದು ಅದರಲ್ಲಿತ್ತು. ಈ ವಾಕ್ಯ ನೂರಾರು ಅಭಿಪ್ರಾಯಗಳಲ್ಲಿ ಅಚ್ಚು ಹೊಡೆದಂತೆ ಬರತೊಡಗಿತು. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಚಿತ್ರವನ್ನು ಬದಲಿಸಿತು. ಸದ್ದಿನ ನಂತರ ಆಡಿಯೋಗ್ರಾಂ ಮೊದಲಿನಂತಾದರೂ ಕೂದಲುಕೋಶ ಮತ್ತು ನರದ ನಡುವಿನ ಸಂಧಿಗಳು ಶಾಶ್ವತವಾಗಿ ಹಾಳಾಗಿರಬಹುದು ಎಂದು ಅದು ತೋರಿಸಿತು. ಇದು ಮನುಷ್ಯರಿಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬ ಚರ್ಚೆ ನಡೆದೇ ಇದೆ. ಮೇಲ್ಮನವಿದಾರನಿಗೆ ಅದು ಪೂರ್ತಿ ಇತ್ಯರ್ಥವಾಗಬೇಕಿಲ್ಲ. ಪರ ಮತ್ತು ವಿರುದ್ಧ ಪುರಾವೆ ಸರಿಸುಮಾರು ಸಮತೂಕದಲ್ಲಿದ್ದರೆ ಸಂಶಯದ ಲಾಭ ಅವನಿಗೇ ಸೇರಬೇಕೆಂದು ಕಾನೂನು ಹೇಳುತ್ತದೆ. ತಜ್ಞರನ್ನು ಕೇಳುವುದೂ ‘ಸೇವೆಯಿಂದ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಾದರೂ ಇದೆಯೇ’ ಎಂದೇ.

ಸೇವೆಯ ನಂತರದ ಬದುಕೂ ವಿಚಾರಣೆಗೆ ಬರುತ್ತದೆ. ಕಾರ್ಖಾನೆ, ಮರಗೆಲಸ, ಟ್ರ್ಯಾಕ್ಟರ್, ಬೇಟೆ ಎಲ್ಲವನ್ನೂ ತಜ್ಞರು ಕೇಳುತ್ತಾರೆ. ಸೇನೆಗೆ ಸೇರುವಾಗಲೇ ಸಣ್ಣ ನಷ್ಟವಿದ್ದವರಿಗೆ 2016ರ ಮೆಕಿನ್ನಿ ತೀರ್ಪು ನೆರವಾಗಿದೆ: ಆ ನಷ್ಟ ನಿಯಮದ ಅಳತೆಗೆ ಮುಟ್ಟದಿದ್ದರೆ, ಸೇರುವಾಗ ಅವನ ಕಿವಿ ಚೆನ್ನಾಗಿತ್ತೆಂದೇ ಊಹಿಸಬೇಕು.

ಶೇಕಡಾವಾರಿನ ಲೆಕ್ಕ

ಸೇವಾಸಂಬಂಧ ಗೆದ್ದವನಿಗೆ ಎದುರಾಗುವ ಮುಂದಿನ ನಿರಾಶೆ ‘ಶೇ. 0’. 1000ದಿಂದ 4000 ಹರ್ಟ್ಸ್‌ವರೆಗಿನ ನಾಲ್ಕು ಅಳತೆಗಳ ಸರಾಸರಿಯನ್ನೂ ಪದಪರೀಕ್ಷೆಯ ಅಂಕವನ್ನೂ ಒಂದು ಕೋಷ್ಟಕದಲ್ಲಿಟ್ಟು ಪ್ರತಿ ಕಿವಿಗೆ ಒಂದರಿಂದ ಹನ್ನೊಂದರವರೆಗೆ ರೋಮನ್ ಅಂಕಿ ಕೊಡುತ್ತಾರೆ. ಎರಡೂ ಅಂಕಿಗಳನ್ನು ಇನ್ನೊಂದು ಕೋಷ್ಟಕದಲ್ಲಿ ಜೋಡಿಸಿದಾಗ ಶೇಕಡಾವಾರು ಸಿಗುತ್ತದೆ. ಎರಡೂ ಕಿವಿಯ ಸರಾಸರಿ 55 ಡೆಸಿಬೆಲ್, ಪದಗಳಲ್ಲಿ ಶೇ. 88 ಅಂಕ ಬಂದವನಿಗೆ ಶ್ರವಣಯಂತ್ರ ಬೇಕಾಗುವುದು ಖಚಿತ. ಕೋಷ್ಟಕದ ಪ್ರಕಾರ ಅವನ ಎರಡೂ ಕಿವಿ ಎರಡನೇ ಹಂತ, ಪರಿಹಾರ ಶೂನ್ಯ. ಒಂದೇ ಕಿವಿಗೆ ಸೇವಾಸಂಬಂಧವಿದ್ದು ಅದು ಪೂರ್ತಿ ಕೆಟ್ಟು, ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ. 10. ಎರಡೂ ಕಿವಿ ಕಡೆಯ ಹಂತಕ್ಕೆ ಹೋದರೆ ಮಾತ್ರ 100.

ಇಲ್ಲಿ ವಿವೇಚನೆಗೆ ಎಡೆಯಿಲ್ಲ, ಕೋಷ್ಟಕವನ್ನು ಯಾಂತ್ರಿಕವಾಗಿ ಅನ್ವಯಿಸಬೇಕೆಂದು 1992ರಲ್ಲೇ ನ್ಯಾಯಾಲಯ ಹೇಳಿದೆ. ಪರೀಕ್ಷೆ ನಡೆಯುವುದು ಶ್ರವಣಯಂತ್ರ ತೆಗೆದಿಟ್ಟು, ಸದ್ದಿಲ್ಲದ ಕೋಣೆಯಲ್ಲಿ. ಗದ್ದಲದ ಹೋಟೆಲಿನಲ್ಲೋ ಫೋನಿನಲ್ಲೋ ಆಗುವ ಪಾಡು ಅಂಕಿಯಲ್ಲಿ ಬರುವುದಿಲ್ಲ. ದಿನನಿತ್ಯದ ತೊಂದರೆಯನ್ನೂ ತಜ್ಞರು ವರದಿಯಲ್ಲಿ ವಿವರಿಸಬೇಕೆಂದು 2007ರ ಮಾರ್ಟಿನಾಕ್ ತೀರ್ಪು ವಿಧಿಸಿತು. ಆದರೆ ಮಾತು ಕೇಳಿಸದಿರುವುದು, ಅರ್ಥವಾಗದಿರುವುದು ಈ ಕೋಷ್ಟಕದ ಒಳಗೇ ಸೇರಿದೆ, ಅದಕ್ಕೆ ಪ್ರತ್ಯೇಕ ಹೆಚ್ಚುವರಿ ಇಲ್ಲ ಎಂದು 2017ರ ಡೂಸೆಟ್ ತೀರ್ಪು ಬಾಗಿಲು ಬಹುಮಟ್ಟಿಗೆ ಮುಚ್ಚಿತು. ನಷ್ಟದ ರೇಖೆ ಅಸಾಧಾರಣವಾಗಿದ್ದರೆ, ಉದಾಹರಣೆಗೆ 1000 ಹರ್ಟ್ಸ್‌ನಲ್ಲಿ 30 ಅಥವಾ ಕಡಿಮೆ ಇದ್ದು 2000ದಲ್ಲಿ 70 ಅಥವಾ ಹೆಚ್ಚಿಗೆ ಧುಮುಕಿದ್ದರೆ, ಅನುಕೂಲವಾಗುವ ಬೇರೆ ಕೋಷ್ಟಕವೊಂದಿದೆ. ಇಲಾಖೆಯ ಪ್ರಾದೇಶಿಕ ಕಚೇರಿ ಅದನ್ನು ಬಳಸಿದೆಯೇ ಎಂದು ನೋಡಿಕೊಳ್ಳುವುದು ಮೇಲ್ಮನವಿದಾರನ ಪ್ರತಿನಿಧಿಯ ಮೊದಲ ಕೆಲಸ.

ಶೇ. 0 ಬಂದರೂ ಅರ್ಜಿ ವ್ಯರ್ಥವಲ್ಲ. ಸೇವಾಸಂಬಂಧ ದಾಖಲಾಗಿರುವುದರಿಂದ ಕಿವಿ ಇನ್ನೂ ಕೆಟ್ಟಾಗ ಹೆಚ್ಚಳ ಕೇಳಬಹುದು, ಆ ದೋಷಕ್ಕೆ ಚಿಕಿತ್ಸೆಯೂ ಶ್ರವಣಯಂತ್ರವೂ ಇಲಾಖೆಯಿಂದ ಸಿಗುತ್ತವೆ. ಹಣದ ವಿಷಯ ಹೇಳುವುದಾದರೆ, 2025ರ ದರದಂತೆ ಶೇ. 10ಕ್ಕೆ ತಿಂಗಳಿಗೆ 175.51 ಡಾಲರ್, ಅವಲಂಬಿತರಿಲ್ಲದವನಿಗೆ ಶೇ. 100ಕ್ಕೆ 3,831.30 ಡಾಲರ್ ಇತ್ತು. ಇದಕ್ಕೆ ಆದಾಯ ತೆರಿಗೆ ಇಲ್ಲ. ಹಲವು ದೋಷಗಳ ಶೇಕಡಾವಾರುಗಳನ್ನು ನೇರವಾಗಿ ಕೂಡಿಸುವುದಿಲ್ಲ: 50 ಇದ್ದವನಿಗೆ ಇನ್ನೊಂದು 30 ಬಂದರೆ ಉಳಿದ ಅರ್ಧದ ಮೇಲೆ ಲೆಕ್ಕ ಹಾಕಿ 65, ಅದನ್ನು ದುಂಡಾಗಿಸಿ 70.

ಕಿವಿಮೊರೆತ

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಗುಂಯ್‌ಗುಡುವುದು, ಸಿಳ್ಳೆ ಹೊಡೆದಂತಾಗುವುದು ಕಿವಿಮೊರೆತ. ಇದನ್ನು ಅಳೆಯುವ ಯಂತ್ರವಿಲ್ಲ; ಅನುಭವಿಸುವವನ ಮಾತೇ ಪುರಾವೆ. ವೈದ್ಯನಲ್ಲದವನೂ ತನಗೆ ಕಿವಿಮೊರೆತವಿದೆ ಎಂದು ಹೇಳಲು ಅರ್ಹನೆಂದು 2002ರ ಚಾರ್ಲ್ಸ್ ಪ್ರಕರಣ ಸ್ಥಾಪಿಸಿತು. ಕಿವುಡುತನದ ಅರ್ಜಿ ಬಿದ್ದರೂ ಕಿವಿಮೊರೆತದ್ದು ಗೆಲ್ಲುವುದು ಇದರಿಂದಲೇ. ಸೈನಿಕ ‘ಸೇವೆಯಲ್ಲೇ ಶುರುವಾಯಿತು, ಅಂದಿನಿಂದ ನಿಂತಿಲ್ಲ’ ಎಂದು ಒಂದೇ ತೆರನಾಗಿ ಹೇಳುತ್ತ ಬಂದಿದ್ದರೆ ಆ ಮಾತಿಗೆ ತೂಕವಿದೆ. ಒಂದು ಕಡೆ 1970 ಎಂದು, ಇನ್ನೊಂದು ಕಡೆ ಹತ್ತು ವರ್ಷದ ಹಿಂದೆ ಎಂದು ಹೇಳಿದ್ದರೆ ಮಂಡಳಿ ಅದನ್ನು ಹಿಡಿಯದೆ ಬಿಡುವುದಿಲ್ಲ.

ರೋಗಲಕ್ಷಣ ಅಂದಿನಿಂದ ಮುಂದುವರಿದಿದೆ ಎಂಬ ವಾದ ಪಟ್ಟಿಯಲ್ಲಿರುವ ದೀರ್ಘಕಾಲಿಕ ರೋಗಗಳಿಗೆ ಮಾತ್ರ ಸಲ್ಲುತ್ತದೆ ಎಂದು 2013ರ ವಾಕರ್ ತೀರ್ಪು ಹೇಳಿತು. ಅದೂ ಎರಡನೇ ಮಹಾಯುದ್ಧದ ಸೈನಿಕನೊಬ್ಬನ ಕಿವುಡುತನದ ಮೊಕದ್ದಮೆಯೇ. ಸದ್ದಿನ ಆಘಾತದಿಂದ ಬಂದ ಕಿವಿಮೊರೆತವೂ ನರಮಂಡಲದ ರೋಗವಾಗಿ ಆ ಪಟ್ಟಿಗೆ ಸೇರುತ್ತದೆ ಎಂದು 2015ರ ಫೌಂಟನ್ ತೀರ್ಪು ವಿಸ್ತರಿಸಿತು.

ಒಂದು ಕಿವಿಯಾಗಲಿ, ಎರಡಾಗಲಿ, ತಲೆಯೊಳಗಾಗಲಿ ಕಿವಿಮೊರೆತಕ್ಕೆ ಶೇ. 10ಕ್ಕಿಂತ ಹೆಚ್ಚಿಲ್ಲ. ಎರಡು ಕಿವಿಗೆ ಎರಡು ಹತ್ತು ಕೊಡಿ ಎಂಬ ಸ್ಮಿತ್ ಪ್ರಕರಣದ ವಾದವನ್ನು 2005ರಲ್ಲಿ ಮಾಜಿ ಸೈನಿಕರ ನ್ಯಾಯಾಲಯ ಒಪ್ಪಿದಾಗ ಅಂಥ ಅರ್ಜಿಗಳೆಲ್ಲ ತಡೆಯಲ್ಲಿ ನಿಂತವು. 2006ರಲ್ಲಿ ಅದರ ಮೇಲಿನ ಫೆಡರಲ್ ಸರ್ಕಿಟ್ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಒಂದು ಕಿವಿ ಪೂರ್ತಿ ಹೋದವನಿಗೂ ಕಿವಿಯಲ್ಲಿ ಸಿಳ್ಳೆ ಕೇಳುವವನಿಗೂ ಒಂದೇ ಹತ್ತು ಎಂಬುದು ವಿಚಿತ್ರವಾಗಿ ಕಾಣುತ್ತದೆ. ಇಲಾಖೆಗೂ ಅದು ಸರಿ ಕಂಡಿಲ್ಲವೇನೋ: ಕಿವಿಮೊರೆತವನ್ನು ಪ್ರತ್ಯೇಕ ದೋಷವೆಂದು ಪರಿಗಣಿಸುವುದನ್ನು ಬಿಟ್ಟು ಮೂಲರೋಗದ ಲಕ್ಷಣವಾಗಿ ನೋಡುವ ತಿದ್ದುಪಡಿಯನ್ನು ಅದು 2022ರ ಫೆಬ್ರವರಿಯಲ್ಲಿ ಪ್ರಸ್ತಾಪಿಸಿತು. ಮಾಜಿ ಸೈನಿಕರ ಸಂಘಟನೆಗಳು ಅದನ್ನು ವಿರೋಧಿಸಿದವು.

ತಲೆಸುತ್ತು ಮತ್ತು ಇತರ ತೊಂದರೆಗಳು

ಒಳಕಿವಿಯ ಸಮತೋಲನ ದೋಷಕ್ಕೆ ಶೇ. 10 ಅಥವಾ 30. ಮೆನಿಯೆರ್ ರೋಗಕ್ಕೆ ತಲೆಸುತ್ತು ಎಷ್ಟು ಸಲ ಬರುತ್ತದೆ ಎಂಬುದರ ಮೇಲೆ 30, 60, 100. ಮೆನಿಯೆರ್ ಎಂದು ಒಟ್ಟಾಗಿಯೂ, ಕಿವುಡುತನ, ಮೊರೆತ, ತಲೆಸುತ್ತು ಎಂದು ಬಿಡಿಯಾಗಿಯೂ ಲೆಕ್ಕ ಹಾಕಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಕಿವಿಮೊರೆತದಿಂದ ನಿದ್ದೆಗೆಟ್ಟು ಖಿನ್ನತೆ ಬಂದಿದ್ದರೆ ಅದಕ್ಕೂ ಅನುಬಂಧ ದೋಷವಾಗಿ ಅರ್ಜಿ ಹಾಕಬಹುದು. ಹಣದ ಲೆಕ್ಕದಲ್ಲಿ ಮೂಲದೋಷಕ್ಕಿಂತ ಇದೇ ದೊಡ್ಡದಾಗುವುದುಂಟು.

ಮೇಲ್ಮನವಿಯ ದಾರಿಗಳು

2017ರ ಆಗಸ್ಟ್‌ನಲ್ಲಿ ಅಂಗೀಕಾರವಾಗಿ 2019ರ ಫೆಬ್ರವರಿ 19ರಂದು ಜಾರಿಗೆ ಬಂದ ಸುಧಾರಣಾ ಕಾಯ್ದೆ ಹಳೆಯ ಒಂಟಿದಾರಿಯನ್ನು ಮೂರಾಗಿ ಒಡೆಯಿತು. ಹೊಸ, ಸಂಬಂಧಪಟ್ಟ ಪುರಾವೆ ಇದ್ದರೆ ಪೂರಕ ಅರ್ಜಿ. ಪುರಾವೆ ಅದೇ ಇರಲಿ, ಹಿರಿಯ ಅಧಿಕಾರಿ ಇನ್ನೊಮ್ಮೆ ನೋಡಲಿ ಎಂದರೆ ಉನ್ನತ ಪರಿಶೀಲನೆ. ಇಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಮೂರನೆಯದು ವಾಷಿಂಗ್ಟನ್‌ನ ಮಾಜಿ ಸೈನಿಕರ ಮೇಲ್ಮನವಿ ಮಂಡಳಿ. ಅಲ್ಲಿ ಮತ್ತೆ ಮೂರು ಸಾಲು: ಕಡತ ನೋಡಿ ನೇರ ತೀರ್ಪು, 90 ದಿನದೊಳಗೆ ಪುರಾವೆ ಕೊಟ್ಟು ತೀರ್ಪು, ನ್ಯಾಯಾಧೀಶರೆದುರು ಹೇಳಿಕೆ. ಶ್ರವಣದ ಪ್ರಕರಣಗಳಲ್ಲಿ ಕೊಂಡಿಯ ಅಭಿಪ್ರಾಯವೇ ದುರ್ಬಲವಾಗಿರುವುದರಿಂದ, ಖಾಸಗಿ ಶ್ರವಣತಜ್ಞರ ಕಾರಣಸಹಿತ ಪತ್ರದೊಂದಿಗೆ ಪೂರಕ ಅರ್ಜಿ ಹಾಕುವುದೇ ಎಷ್ಟೋ ಸಲ ಹತ್ತಿರದ ದಾರಿ. ಮಂಡಳಿಯೂ ತಜ್ಞಾಭಿಪ್ರಾಯ ಸಾಲದೆಂದು ಕಂಡರೆ ಹೊಸ ಪರೀಕ್ಷೆಗೆ ಕಡತವನ್ನು ಹಿಂದಕ್ಕೆ ಕಳಿಸುತ್ತದೆ. ಆಗ ಕಾಯುವಿಕೆ ಮತ್ತೆ ಶುರು, ಎಂಬತ್ತು ದಾಟಿದ ಅರ್ಜಿದಾರನಿಗೆ ಇದು ಸಣ್ಣ ಮಾತಲ್ಲ.

ಪ್ರತಿ ನಿರ್ಧಾರ ಬಂದ ಒಂದು ವರ್ಷದೊಳಗೆ ಯಾವುದಾದರೊಂದು ದಾರಿ ಹಿಡಿದರೆ ಮೊದಲ ಅರ್ಜಿಯ ದಿನಾಂಕ ಉಳಿಯುತ್ತದೆ, ಗೆದ್ದಾಗ ಅಲ್ಲಿಂದ ಬಾಕಿ ಸಿಗುತ್ತದೆ. ವರ್ಷ ತಪ್ಪಿದರೆ ಆ ದಿನಾಂಕ ಹೋಗುತ್ತದೆ. ಸೇನೆ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಿದವನಿಗೆ ಬಿಡುಗಡೆಯ ಮರುದಿನದಿಂದಲೇ ಪರಿಹಾರ. ಮಂಡಳಿಯ ತೀರ್ಪುಗಳು ಹೆಸರು ಅಳಿಸಿ ಪ್ರಕಟವಾಗುತ್ತವೆ. ಅವು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗುವುದಿಲ್ಲ.

ಮಂಡಳಿಯ ಮೇಲೆ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯವಿದೆ. ಹೋಗಲು 120 ದಿನ. ಕಾಯಿಲೆಯಿಂದ 15 ದಿನ ತಡವಾದ ಹೆಂಡರ್ಸನ್ ಪ್ರಕರಣದಲ್ಲಿ, ಈ ಗಡುವು ಮೀರಲಾಗದ ಗೋಡೆಯಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಈ ನ್ಯಾಯಾಲಯ ಹುಟ್ಟಿದ್ದು 1988ರ ಕಾಯ್ದೆಯಿಂದ. ಅದಕ್ಕೂ ಮೊದಲು, 1933ರಲ್ಲಿ ಸ್ಥಾಪನೆಯಾದ ಮಂಡಳಿಯದ್ದೇ ಕೊನೆಯ ಮಾತು. ವಕೀಲರನ್ನು ಇಟ್ಟುಕೊಳ್ಳುವುದೂ ಆಗದ ಮಾತಾಗಿತ್ತು: ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ ನಿಗದಿಯಾದ ಹತ್ತು ಡಾಲರ್ ಶುಲ್ಕದ ಮಿತಿ 1988ರವರೆಗೂ ಹಾಗೇ ಇತ್ತು. ಸುಲಿಗೆ ತಡೆಯಲು ಮಾಡಿದ ಈ ನಿಯಮವನ್ನು ಸುಪ್ರೀಂ ಕೋರ್ಟ್ 1985ರಲ್ಲೂ ಎತ್ತಿಹಿಡಿದಿತ್ತು. ಈಗ ಮೊದಲ ನಿರ್ಧಾರದ ನಂತರ ವಕೀಲರು ಶುಲ್ಕ ಪಡೆಯಬಹುದು. ಬಾಕಿ ಹಣದ ಶೇ. 20ರವರೆಗೆ ನ್ಯಾಯವೆಂದು ಪರಿಗಣಿತ. ಅಮೆರಿಕನ್ ಲೀಜನ್, ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಮುಂತಾದ ಸಂಘಟನೆಗಳ ಪ್ರತಿನಿಧಿಗಳು ಉಚಿತವಾಗಿ ವಾದಿಸುತ್ತಾರೆ.

ಸಂಶಯದ ಲಾಭವನ್ನು ಮಂಡಳಿ ಸರಿಯಾಗಿ ಕೊಟ್ಟಿದೆಯೇ ಎಂದು ಮೇಲಿನ ನ್ಯಾಯಾಲಯ ತಾನೇ ಹೊಸದಾಗಿ ತೂಗಬೇಕಿಲ್ಲ, ಸ್ಪಷ್ಟ ತಪ್ಪು ಕಂಡರೆ ಮಾತ್ರ ಕೈಹಾಕಬೇಕು ಎಂದು 2025ರ ಮಾರ್ಚ್‌ನ ಬಫ್ಕಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಕಿವಿಯದ್ದಲ್ಲ. ಆದರೆ ಪುರಾವೆಯ ಸಮತೂಕವನ್ನೇ ನೆಚ್ಚಿದ ಶ್ರವಣದೋಷದ ಮೊಕದ್ದಮೆಗಳು ಇದರಿಂದಾಗಿ ಮಂಡಳಿಯ ಹಂತದಲ್ಲೇ ಗೆಲ್ಲಬೇಕಾದ ಒತ್ತಡ ಹೆಚ್ಚಿದೆ.

ಇಯರ್‌ಪ್ಲಗ್ ಮೊಕದ್ದಮೆ ಈ ಮೇಲ್ಮನವಿಗಳಿಂದ ಬೇರೆಯದು. ಸೇನೆಗೆ ಪೂರೈಸಿದ ಇಯರ್‌ಪ್ಲಗ್‌ಗಳು ದೋಷಪೂರಿತವೆಂಬ ಸಾಮೂಹಿಕ ದಾವೆಗಳನ್ನು ಇತ್ಯರ್ಥಪಡಿಸಲು 3ಎಂ ಕಂಪನಿ 2023ರ ಆಗಸ್ಟ್‌ನಲ್ಲಿ ಸುಮಾರು 600 ಕೋಟಿ ಡಾಲರ್‌ಗೆ ಒಪ್ಪಿತು. ಅದು ತಯಾರಕರ ವಿರುದ್ಧದ ಸಿವಿಲ್ ದಾವೆ; ಇಲಾಖೆಯ ಪರಿಹಾರದ ಕಡತ ಅದರ ಪಾಡಿಗೆ ನಡೆಯುತ್ತದೆ.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿ ಇದೇ ಬಗೆಯ ವಿವಾದಗಳು 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತವೆ. ದೋಷ ಸೇವೆಯಿಂದ ಉಂಟಾದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬುದು ಇಲ್ಲಿಯ ಪ್ರಶ್ನೆ. ಸೇರುವಾಗ ವೈದ್ಯಕೀಯ ದಾಖಲೆಯಲ್ಲಿ ದೋಷ ನಮೂದಾಗಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದು ಊಹಿಸಬೇಕು, ಸಂಬಂಧವಿಲ್ಲವೆಂದು ತೋರಿಸುವ ಭಾರ ಸರ್ಕಾರದ್ದು ಎಂದು 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮೆಕಿನ್ನಿ ತೀರ್ಪಿನ ತರ್ಕಕ್ಕೆ ಇದು ಹತ್ತಿರ. ಮಿತಿಯಲ್ಲಿ ಮಾತ್ರ ದೊಡ್ಡ ಅಂತರವಿದೆ: ಅಮೆರಿಕದಲ್ಲಿ ಶೇ. 10ರಿಂದಲೇ ಹಣ ಸಿಗುತ್ತದೆ, ಭಾರತದ ಅಂಗವೈಕಲ್ಯ ಪಿಂಚಣಿಗೆ ಸಾಮಾನ್ಯವಾಗಿ ಶೇ. 20 ಬೇಕು. ಆ ಕಾರಣದಿಂದ ಇಲ್ಲಿ ಶ್ರವಣದೋಷದ ವಾದ ವೈದ್ಯಕೀಯ ಮಂಡಳಿ ಬರೆದ 15, 19 ಮೊದಲಾದ ಅಂಕಿಗಳ ಸುತ್ತಲೂ ನಡೆಯುತ್ತದೆ.